ಪಾಳುಬಂಗಲೆಯೊಳಗಿನ ಹುಡುಕಾಟ

ಕಡಲ ದಂಡೆಯ ಕಡಿದಾದ ಬಂಡೆಯ ಮೇಲೆ, ಯಜಮಾನರು ಅಳಿದು ಎಷ್ಟೋ ಕಾಲವಾಗಿರುವ ಒಂದು ಬಂಗಲೆ. ಅದರ ತುಕ್ಕು ಹಿಡಿದ ಕಬ್ಬಿಣದ ಗೇಟು, ಅರ್ಧ ಉರಿದು ಆರಿಹೋದ ಮೇಣದ ಬತ್ತಿಗಳು, ಗೋಡೆಯ ಮೇಲಿನ ತೈಲಚಿತ್ರದಿಂದ ನೆಟ್ಟ ದೃಷ್ಟಿಯಲ್ಲಿ ನೋಡುವ ಹೆಂಗಸು, ನಿಂತುಹೋದ ಗಡಿಯಾರ, ಬೀಗ ಹಾಕಿದ ಒಂದು ಕೋಣೆ, ಪುಟಗಳು ಹರಿದು ಮನೆಯ ತುಂಬ ಚೆದರಿಹೋದ ಒಂದು ದಿನಚರಿ: ಇಷ್ಟನ್ನೂ ಕಂಪ್ಯೂಟರಿನ ಇಲ್ಲವೆ ಮೊಬೈಲಿನ ತೆರೆಯ ಮೇಲೆ ತಂದಿರಿಸಿ, ಇಲ್ಲಿ ನಡೆದುದೇನೆಂಬುದನ್ನು ನೀವೇ ಕಂಡುಹಿಡಿಯಿರಿ ಎಂದು ಆಡುವವರ ಕೈಗೆ ಒಪ್ಪಿಸುವ ಒಂದು ಜಾತಿಯ ಆಟವುಂಟು. ಇಂಗ್ಲಿಷಿನಲ್ಲಿ ಅದಕ್ಕೆ ‘ಹಿಡನ್ ಆಬ್ಜೆಕ್ಟ್’ ಆಟವೆಂದು ಹೆಸರು. ಅಡಗಿದ ವಸ್ತುಗಳ ಆಟವೆಂದು ನಾವು ಕರೆಯಬಹುದು. ಇದರಲ್ಲಿ ಓಟವಿಲ್ಲ, ಬಂದೂಕಿಲ್ಲ, ಬೆರಳಿನ ಚುರುಕಿಗೆ ವಿಶೇಷ ಬೆಲೆಯಿಲ್ಲ. ತೆರೆಯ ತುಂಬ ಸಾಮಾನು ಕಿಕ್ಕಿರಿದ ಒಂದು ಕೋಣೆಯ ಚಿತ್ರ. ಅದರ ಅಂಚಿನಲ್ಲಿ ಹತ್ತು ಹನ್ನೆರಡು ವಸ್ತುಗಳ ಹೆಸರಿನ ಪಟ್ಟಿ. ಹೆಸರನ್ನೋದಿ, ವಸ್ತುವನ್ನು ಹುಡುಕಿ ಮುಟ್ಟಬೇಕು. ಮುಟ್ಟಿದೊಡನೆ ಅದು ಚಿತ್ರದಿಂದ ಮರೆಯಾಗುತ್ತದೆ, ಪಟ್ಟಿಯಲ್ಲಿ ಹೆಸರು ಅಳಿಯುತ್ತದೆ. ಪಟ್ಟಿ ಬರಿದಾದಾಗ ಬೀಗದ ಕೈಯೋ, ಹರಿದ ಪುಟವೋ, ಒಂದು ಯಂತ್ರದ ಹಲ್ಲುಚಕ್ರವೋ ಕೈಗೆ ಬರುತ್ತದೆ. ಅದರಿಂದ ಮುಂದಿನ ಬಾಗಿಲು ತೆರೆಯುತ್ತದೆ. ಕಥೆ ಒಂದು ಹೆಜ್ಜೆ ಮುಂದೆ ಸರಿಯುತ್ತದೆ.

ಕೇಳುವುದಕ್ಕೆ ಇದು ಮಕ್ಕಳ ವಿನೋದದಂತೆ ತೋರಿದರೂ, ಇಂಥ ಚಿತ್ರವೊಂದನ್ನು ರಚಿಸುವವನ ಕೌಶಲವನ್ನು ಹತ್ತಿರದಿಂದ ಪರಿಶೀಲಿಸಿದವರಿಗೆ ಆಶ್ಚರ್ಯವಾಗದೆ ಇರದು. ವಸ್ತುವನ್ನು ಇನ್ನೊಂದರ ಹಿಂದೆ ಪೂರ್ತಿಯಾಗಿ ಬಚ್ಚಿಡುವುದು ಇಲ್ಲಿ ಅಧರ್ಮ. ಪ್ರತಿಯೊಂದು ವಸ್ತುವೂ ಆಡುವವರ ಕಣ್ಣೆದುರಿಗೇ ಇರಬೇಕು, ಆದರೂ ಕಾಣಬಾರದು. ಅದಕ್ಕಾಗಿ ಚಿತ್ರಕಾರನು ಹಲವು ಉಪಾಯಗಳನ್ನು ಹೂಡುತ್ತಾನೆ. ಕಂದು ಬಣ್ಣದ ಪಿಟೀಲನ್ನು ಕಂದು ಬಣ್ಣದ ಬೀರುವಿಗೆ ಒರಗಿಸಿ ಅದರ ಅಂಚನ್ನು ಮರದ ಗೆರೆಗಳಲ್ಲಿ ಕರಗಿಸುತ್ತಾನೆ. ಹಾವನ್ನು ಪರದೆಯ ಹಗ್ಗದ ಜಾಡಿನಲ್ಲೇ ಸುತ್ತಿಬಿಡುತ್ತಾನೆ. ಚಾಕುವನ್ನು ತಲೆಕೆಳಗಾಗಿಸಿ ಕಿಟಕಿಯ ಸರಳುಗಳ ಸಾಲಿನಲ್ಲಿ ನಿಲ್ಲಿಸುತ್ತಾನೆ. ಆನೆಯನ್ನು ಅಂಗೈಯಗಲ ಮಾಡಿ ಗೋಡೆಕಾಗದದ ಬಳ್ಳಿಯಲ್ಲಿ ಸೇರಿಸುತ್ತಾನೆ. ಒಂದೇ ಕೋಣೆಯೊಳಗೆ ಪಟ್ಟಿಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ವಸ್ತುಗಳನ್ನು ಪದರಪದರವಾಗಿ ಬರೆದಿರಿಸಿರುವುದರಿಂದ, ಮತ್ತೊಮ್ಮೆ ಅದೇ ಕೋಣೆಗೆ ಬಂದವರಿಗೆ ಬೇರೊಂದು ಪಟ್ಟಿ ದೊರೆತು ಹುಡುಕಾಟ ಹೊಸತಾಗುತ್ತದೆ. ತೋಚಿದಲ್ಲೆಲ್ಲ ಬೆರಳನ್ನು ಒತ್ತುತ್ತ ಹೋದರೆ ಆಟವು ದಂಡ ವಿಧಿಸುತ್ತದೆ. ಏನೂ ತೋಚದೆ ಸೋತು ಕುಳಿತವರಿಗೆ ಸುಳಿವಿನ ಗುಂಡಿಯೊಂದನ್ನು ಒತ್ತುವ ಅವಕಾಶವುಂಟು. ಒತ್ತಿದರೆ ವಸ್ತುವಿನ ಸುತ್ತ ಬೆಳಕು ಮಿನುಗುತ್ತದೆ, ಆದರೆ ಮತ್ತೊಂದು ಸುಳಿವು ಸಿಕ್ಕಬೇಕಾದರೆ ಸ್ವಲ್ಪ ಹೊತ್ತು ಕಾಯಬೇಕು.

ಎದುರಿಗಿದ್ದೂ ಕಾಣದಿರುವುದು ಹೇಗೆಂಬುದನ್ನು ಮನೋವಿಜ್ಞಾನಿಗಳು ಬಹುಕಾಲದಿಂದ ವಿಚಾರಮಾಡಿದ್ದಾರೆ. ಆನ್ ಟ್ರೀಸ್ಮನ್ ಎಂಬ ವಿದುಷಿಯು ಗ್ಯಾರಿ ಜೆಲಾಡ್ ಅವರೊಡಗೂಡಿ 1980ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದಕ್ಕೆ ಒಂದು ವಿವರಣೆಯನ್ನು ಮುಂದಿಟ್ಟರು. ಹಸುರು ಚುಕ್ಕೆಗಳ ನಡುವೆ ಒಂದು ಕೆಂಪು ಚುಕ್ಕೆಯಿದ್ದರೆ, ಹಸುರು ಚುಕ್ಕೆಗಳು ಹತ್ತಿರಲಿ ನೂರಿರಲಿ, ಕೆಂಪು ತಾನಾಗಿಯೇ ಕಣ್ಣಿಗೆ ಚಿಮ್ಮಿ ಬರುತ್ತದೆ. ಹುಡುಕುವ ಶ್ರಮವೇ ಇಲ್ಲ. ಆದರೆ ಕೆಂಪು ವೃತ್ತಗಳೂ ಹಸುರು ಚೌಕಗಳೂ ಬೆರೆತಿರುವ ಗುಂಪಿನಲ್ಲಿ ಒಂದೇ ಒಂದು ಕೆಂಪು ಚೌಕವನ್ನು ಹುಡುಕಬೇಕಾದಾಗ, ಬಣ್ಣವನ್ನೂ ಆಕಾರವನ್ನೂ ಜೊತೆಗೂಡಿಸಿ ನೋಡಬೇಕಾಗುವುದರಿಂದ, ಗಮನವು ಒಂದೊಂದನ್ನಾಗಿ ಮುಟ್ಟುತ್ತ ಸಾಗಬೇಕಾಗುತ್ತದೆ. ಗುಂಪು ಬೆಳೆದಷ್ಟೂ ಕಾಲವೂ ಬೆಳೆಯುತ್ತದೆ. ಅಡಗಿದ ವಸ್ತುಗಳ ಆಟದ ಚಿತ್ರಕಾರನು ಮಾಡುವುದೆಲ್ಲ ಇಷ್ಟೇ: ತಾನಾಗಿ ಚಿಮ್ಮಿ ಬರುವ ಯಾವ ಗುಣವನ್ನೂ ವಸ್ತುವಿನಲ್ಲಿ ಉಳಿಸದೆ, ನಮ್ಮ ಗಮನವನ್ನು ಒಂದೊಂದೇ ವಸ್ತುವಿನ ಬಳಿಗೆ ನಡೆಸಿಕೊಂಡು ಹೋಗುವುದು. ಅವಸರದ ಕಣ್ಣಿಗೆ ಇಲ್ಲಿ ಫಲವಿಲ್ಲ. ಈ ಕಾಲದ ತೆರೆಗಳೆಲ್ಲ ನಮ್ಮ ದೃಷ್ಟಿಯನ್ನು ಕ್ಷಣಕ್ಕೊಂದು ಕಡೆ ಎಳೆದಾಡುತ್ತಿರುವಾಗ, ಅದೇ ತೆರೆಯ ಮೇಲೆ ಹುಟ್ಟಿದ ಒಂದು ಆಟವು ದೃಷ್ಟಿಯನ್ನು ನಿಲ್ಲಿಸುವ ಸಾಧನೆಯನ್ನು ಕಲಿಸುತ್ತಿರುವುದು ನನಗೆ ಬಹಳ ಬೆಲೆಯುಳ್ಳ ಸಂಗತಿಯಾಗಿ ತೋರಿದೆ.

ಈ ಆಟದ ವಂಶಾವಳಿಯನ್ನು 1980ರಿಂದ ಆರಂಭಿಸಬಹುದು. ಆ ವರ್ಷ ಅಮೆರಿಕೆಯ ರಾಬರ್ಟಾ ವಿಲಿಯಮ್ಸ್ ಮತ್ತು ಕೆನ್ ವಿಲಿಯಮ್ಸ್ ದಂಪತಿಗಳು ಆ್ಯಪಲ್ ಕಂಪ್ಯೂಟರಿಗಾಗಿ ‘ಮಿಸ್ಟರಿ ಹೌಸ್’ ಎಂಬ ಆಟವನ್ನು ರಚಿಸಿದರು. ಅದಕ್ಕೆ ಹಿಂದಿನ ಸಾಹಸದ ಆಟಗಳಲ್ಲಿ ಬರಿಯ ಅಕ್ಷರಗಳಿದ್ದವೇ ಹೊರತು ಚಿತ್ರಗಳಿರಲಿಲ್ಲ. ರಾಬರ್ಟಾ ತಮ್ಮ ಆಟಕ್ಕಾಗಿ ಎಪ್ಪತ್ತು ರೇಖಾಚಿತ್ರಗಳನ್ನು ಬರೆದರು. ಗೆರೆಗಳು ಒರಟಾಗಿದ್ದವು, ಬಣ್ಣವಿರಲಿಲ್ಲ. ಆದರೆ ಕಥೆ ನಡೆಯುವುದು ಒಂದು ಹಳೆಯ ಬಂಗಲೆಯಲ್ಲಿ, ಅಲ್ಲಿ ಸೇರಿದವರು ಒಬ್ಬೊಬ್ಬರಾಗಿ ಕೊಲೆಯಾಗುತ್ತಾರೆ, ಎಲ್ಲಿಯೋ ಅಡಗಿರುವ ಆಭರಣಗಳನ್ನು ಹುಡುಕಬೇಕು. ಕಂಪ್ಯೂಟರಿನ ಸಾಹಸಕ್ಕೆ ಚಿತ್ರ ಬಂದ ದಿನವೇ ಪಾಳುಬಂಗಲೆಯೂ ಬಂದಿತು. 1993ರಲ್ಲಿ ಮಿಲ್ಲರ್ ಸಹೋದರರ ‘ಮಿಸ್ಟ್’ ಹೊರಬಿದ್ದು, ನಿರ್ಜನವಾದ ಒಂದು ದ್ವೀಪವನ್ನು ಅವಸರವಿಲ್ಲದೆ ಅಲೆದು ನೋಡುವುದೇ ಆಟವಾಗಬಲ್ಲದೆಂಬುದನ್ನು ತೋರಿಸಿಕೊಟ್ಟಿತು; ಅದರ ಅರುವತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದುವು. ಅಡಗಿದ ವಸ್ತುಗಳ ಆಟಕ್ಕೆ ಜನಪ್ರಿಯತೆಯನ್ನು ತಂದುದು 2002ರಲ್ಲಿ ಸಿಯಾಟಲ್ ನಗರದಲ್ಲಿ ಸ್ಥಾಪಿತವಾದ ಬಿಗ್ ಫಿಶ್ ಗೇಮ್ಸ್ ಎಂಬ ಸಂಸ್ಥೆ. 2005ರಲ್ಲಿ ಅದು ‘ಮಿಸ್ಟರಿ ಕೇಸ್ ಫೈಲ್ಸ್’ ಮಾಲೆಯ ಮೊದಲನೆಯ ಆಟವಾದ ‘ಹಂಟ್ಸ್‌ವಿಲ್’ ಅನ್ನು ಬಿಡುಗಡೆ ಮಾಡಿತು. ಒಂದು ಗಂಟೆ ಉಚಿತವಾಗಿ ಆಡಿ, ಮನಸ್ಸಾದರೆ ಹಣ ಕೊಟ್ಟು ಕೊಳ್ಳುವ ಪದ್ಧತಿ ಆಗ ರೂಢಿಯಲ್ಲಿತ್ತು. ಮನೆಗೆಲಸ ಮುಗಿಸಿ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುವ ಗೃಹಿಣಿಯರು, ನಡುವಯಸ್ಸು ದಾಟಿದ ಹೆಂಗಸರು, ಅಲ್ಲಿಯವರೆಗೆ ವಿಡಿಯೋ ಗೇಮ್ ತಯಾರಿಸುವವರ ಲೆಕ್ಕಕ್ಕೇ ಬಾರದಿದ್ದ ಈ ಜನರೆಲ್ಲ, ಇದನ್ನು ತಮ್ಮದಾಗಿ ಮಾಡಿಕೊಂಡರು.

ಮರುವರ್ಷ, 2006ರಲ್ಲಿ, ಅದೇ ಮಾಲೆಯಲ್ಲಿ ಬಂದ ‘ರೇವನ್‌ಹರ್ಸ್ಟ್’ ಎಂಬ ಆಟದಿಂದ ಈ ಜಾತಿಯ ಮುಖವೇ ಬದಲಾಯಿತು. ಎಮ್ಮಾ ರೇವನ್‌ಹರ್ಸ್ಟ್ ಎಂಬ ತರುಣಿಯ ದಿನಚರಿಯ ಪುಟಗಳನ್ನು ಒಂದು ಬಂಗಲೆಯ ಕೋಣೆಕೋಣೆಯಲ್ಲಿ ಹುಡುಕಿ ಜೋಡಿಸುವುದು ಇಲ್ಲಿಯ ಕಾರ್ಯ. ಪುಟ ಸೇರಿದಂತೆಲ್ಲ, ಚಾರ್ಲ್ಸ್ ಡಾಲಿಮಾರ್ ಎಂಬವನ ಅನುರಾಗವು ಹೇಗೆ ಬಂಧನವಾಗಿ ತಿರುಗಿತೆಂಬುದು ತಿಳಿಯುತ್ತದೆ. ಬಾಗಿಲುಗಳ ಬೀಗಗಳಂತೂ ಒಂದೊಂದೂ ಒಂದು ಯಂತ್ರಪ್ರಪಂಚ: ಗುಂಡು ಉರುಳಿ, ತಕ್ಕಡಿ ವಾಲಿ, ಹಗ್ಗ ಎಳೆದು, ಚಕ್ರ ತಿರುಗಿ, ಕೊನೆಗೆ ಅಗುಳಿ ಸರಿಯುತ್ತದೆ. ಇಲ್ಲಿ ವಸ್ತುಗಳು ಬರಿಯ ಸಾಮಾನುಗಳಾಗಿ ಉಳಿಯದೆ, ನಡೆದ ದುಃಖಕ್ಕೆ ಸಾಕ್ಷಿಗಳಾದುವು. ಆ ಮೇಲೆ ಪೋಲೆಂಡಿನ ಆರ್ಟಿಫೆಕ್ಸ್ ಮುಂಡಿ ಸಂಸ್ಥೆಯು ‘ಎನಿಗ್ಮಾಟಿಸ್’, ‘ಗ್ರಿಮ್ ಲೆಜೆಂಡ್ಸ್’ ಮೊದಲಾದ ಆಟಗಳಲ್ಲಿ ಇದೇ ದಾರಿಯನ್ನು ಮುಂದುವರಿಸಿತು. ಬರ್ಲಿನ್ನಿನ ವೂಗಾ ಸಂಸ್ಥೆ 2017ರಲ್ಲಿ ಹೊರತಂದ ‘ಜೂನ್ಸ್ ಜರ್ನಿ’ ಇಂದು ನಮ್ಮ ದೇಶದ ಮೊಬೈಲುಗಳಲ್ಲಿಯೂ ಕಾಣಸಿಗುತ್ತದೆ.

ಇದಿಷ್ಟೂ ಯಂತ್ರದ ಚರಿತ್ರೆ. ಕಥೆಯ ಚರಿತ್ರೆ ಇನ್ನೂ ಹಳೆಯದು. 1764ರ ಡಿಸೆಂಬರಿನಲ್ಲಿ ಹೊರೇಸ್ ವಾಲ್ಪೋಲ್ ಎಂಬ ಆಂಗ್ಲ ಶ್ರೀಮಂತನು ‘ಒಟ್ರಾಂಟೋ ದುರ್ಗ’ದ ಕಥೆಯನ್ನು ಪ್ರಕಟಿಸಿದಾಗ ತನ್ನ ಹೆಸರನ್ನು ಮರೆಸಿ, ಉತ್ತರ ಇಂಗ್ಲೆಂಡಿನ ಹಳೆಯ ಮನೆತನವೊಂದರ ಗ್ರಂಥಾಲಯದಲ್ಲಿ ಸಿಕ್ಕಿದ ಇಟಾಲಿಯನ್ ಪುಸ್ತಕದ ಅನುವಾದವೆಂದು ಅದನ್ನು ಜನರ ಮುಂದಿಟ್ಟನು; ಎರಡನೆಯ ಮುದ್ರಣದಲ್ಲಿ ನಿಜವನ್ನು ಹೊರಗೆಡಹಿ ಅದನ್ನು ‘ಗೋಥಿಕ್ ಕಥೆ’ ಎಂದು ಕರೆದನು. ಎಲ್ಲಿಯೋ ಅಡಗಿದ್ದು ಸಿಕ್ಕಿದ ವಸ್ತುವೆಂಬ ಭಾವನೆ ಹೀಗೆ ಗೋಥಿಕ್ ಸಾಹಿತ್ಯದ, ಎಂದರೆ ಹಳೆಯ ದುರ್ಗ, ರಹಸ್ಯ, ಭೀತಿಗಳ ಕಥೆಗಳ, ಜನ್ಮದೊಡನೆಯೇ ಬಂದದ್ದು. ಮೂವತ್ತು ವರ್ಷಗಳ ಅನಂತರ ಆ್ಯನ್ ರ‍್ಯಾಡ್‌ಕ್ಲಿಫ್ ಬರೆದ ಕಾದಂಬರಿಯಲ್ಲಿ ಉಡಾಲ್ಫೋ ದುರ್ಗದ ಒಂದು ಕೋಣೆಯಲ್ಲಿ ಕಪ್ಪು ತೆರೆಯೊಂದು ತೂಗಾಡುತ್ತದೆ. ಅದನ್ನು ಸರಿಸಿ ನೋಡಿದ ನಾಯಿಕೆಯು ಮೂರ್ಛೆಹೋಗುತ್ತಾಳೆ. ಆಕೆ ಕಂಡದ್ದೇನೆಂಬುದು ಓದುಗರಿಗೆ ನೂರಾರು ಪುಟಗಳ ತರುವಾಯ, ಕಡೆಯಲ್ಲಿ, ತಿಳಿಯುತ್ತದೆ: ಹೆಣವಲ್ಲ, ಮೇಣದ ಬೊಂಬೆ.

ಆದರೆ ನನ್ನ ಅಭಿಪ್ರಾಯದಲ್ಲಿ ಈ ಆಟದ ನಿಜವಾದ ಪಿತಾಮಹನು ಎಡ್ಗರ್ ಆ್ಯಲನ್ ಪೋ. 1844ರಲ್ಲಿ ಅವನು ಬರೆದ ‘ಪರ್ಲಾಯಿನ್ಡ್ ಲೆಟರ್’ ಎಂಬ ಕಥೆಯಲ್ಲಿ ಮಂತ್ರಿಯೊಬ್ಬನು ಒಂದು ಪತ್ರವನ್ನು ಕದ್ದಿದ್ದಾನೆ. ಪೊಲೀಸರು ಅವನ ಮನೆಯನ್ನು ಅಂಗುಲ ಅಂಗುಲವಾಗಿ ಶೋಧಿಸುತ್ತಾರೆ, ದಿಂಬುಗಳೊಳಗೆ ಉದ್ದನೆಯ ಸೂಜಿಗಳನ್ನು ಚುಚ್ಚುತ್ತಾರೆ, ಕುರ್ಚಿಯ ಕಾಲುಗಳ ಸಂದುಗಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸುತ್ತಾರೆ, ಪತ್ರ ದೊರೆಯುವುದಿಲ್ಲ. ಡ್ಯೂಪಿನ್ ಎಂಬ ಪತ್ತೇದಾರನು ಆ ಮನೆಗೆ ಹೋಗಿ ಕುಳಿತು, ಕಾಗದಗಳನ್ನು ಸಿಕ್ಕಿಸಿಡುವ ಸಾಧಾರಣ ಗೂಡೊಂದರಲ್ಲಿ, ಎಲ್ಲರಿಗೂ ಕಾಣುವಂತೆ, ಕೊಳೆಯಾಗಿ ಹರಿದಂತಿದ್ದ ಅದೇ ಪತ್ರವನ್ನು ಕಂಡುಹಿಡಿಯುತ್ತಾನೆ. ಆ ಕಥೆಯೊಳಗೆ ಡ್ಯೂಪಿನ್ ಒಂದು ಆಟವನ್ನು ವರ್ಣಿಸುತ್ತಾನೆ: ಭೂಪಟವನ್ನು ಹರಡಿ, ಅದರಲ್ಲಿರುವ ಒಂದು ಹೆಸರನ್ನು ಹೇಳಿ, ಎದುರಾಳಿಗೆ ಹುಡುಕಲು ಬಿಡುವ ಆಟ. ಹೊಸಬನು ಅತಿ ಸಣ್ಣ ಅಕ್ಷರಗಳ ಹೆಸರನ್ನು ಆರಿಸುತ್ತಾನೆ. ಪಳಗಿದವನು ಭೂಪಟದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ದೊಡ್ಡ ಅಕ್ಷರಗಳಲ್ಲಿ ಹರಡಿರುವ ಹೆಸರನ್ನು ಆರಿಸುತ್ತಾನೆ, ಏಕೆಂದರೆ ಅತಿಯಾಗಿ ಎದ್ದು ಕಾಣುವುದೇ ಕಣ್ಣಿಗೆ ತಪ್ಪಿಹೋಗುತ್ತದೆ.

ಈ ಮಾತಿಗೆ ಪ್ರತ್ಯಕ್ಷ ಪ್ರಮಾಣ ಬೇಕಾದವರು ವಿಶಾಖಪಟ್ಟಣದ ಉತ್ತರಕ್ಕಿರುವ ಮಧುರವಾಡಕ್ಕೆ ಬರಬೇಕು. ಉದ್ಯೋಗಕ್ಕಾಗಿ ಬಂದು ಇಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಕೆಲವುಂಟು. ಕನ್ನಡಿಗರಿಗೂ ಈ ಸೀಮೆಗೂ ಸಂಬಂಧವೇನೂ ಹೊಸತಲ್ಲ. ಕಳಿಂಗದ ಗಂಗರ ಅರಸನಾದ ಅನಂತವರ್ಮ ಚೋಡಗಂಗನು 1118ರಲ್ಲಿ ಹೊರಡಿಸಿದ, ವಿಶಾಖಪಟ್ಟಣದ ಹೆಸರಿನಿಂದಲೇ ಪ್ರಸಿದ್ಧವಾಗಿರುವ ತಾಮ್ರಶಾಸನವು ತನ್ನ ವಂಶದ ಮೂಲವನ್ನು ಹೇಳುವಾಗ ಗಂಗವಾಡಿಯನ್ನೂ ಕೋಲಾಹಲಪುರವನ್ನೂ, ಎಂದರೆ ನಮ್ಮ ಕೋಲಾರವನ್ನು, ಸ್ಮರಿಸುತ್ತದೆ. ಕೃಷ್ಣದೇವರಾಯನು 1516ರಲ್ಲಿ ಇಲ್ಲಿಗೆ ಸಮೀಪದ ಸಿಂಹಾಚಲಕ್ಕೆ ಬಂದು ಶಾಸನವನ್ನು ಬರೆಸಿದ್ದಾನೆ. ಆ ಸಿಂಹಾಚಲದ ಸ್ವಾಮಿಯಾದರೋ ವರ್ಷವೆಲ್ಲ ಶ್ರೀಗಂಧದ ಲೇಪದೊಳಗೆ ಮರೆಯಾಗಿದ್ದು, ಅಕ್ಷಯ ತೃತೀಯೆಯ ದಿನ ಮಾತ್ರ ನಿಜರೂಪದಲ್ಲಿ ದರ್ಶನ ಕೊಡುತ್ತಾನೆ.

ಮೊದಲು ಹೇಳಿದ ಪ್ರಮಾಣಕ್ಕಾಗಿ ಮಧುರವಾಡದಿಂದ ಕಡಲ ದಾರಿಯನ್ನು ಹಿಡಿದು ಭೀಮುನಿಪಟ್ಟಣದ ಕಡೆಗೆ ಹೊರಟರೆ ಎಡಗಡೆಗೆ ತೊಟ್ಲಕೊಂಡದ ಗುಡ್ಡ ಬರುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿ ಬೌದ್ಧ ಭಿಕ್ಷುಗಳ ವಿಹಾರವಿದ್ದಿತು; ಚೈತ್ಯಗಳು, ಭಿಕ್ಷುಗಳ ಕೋಣೆಗಳು, ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳು ಎಲ್ಲವೂ ಇದ್ದುವು. ಕೆಳಗೆ ದಾರಿಯಲ್ಲಿ ಜನ ಓಡಾಡುತ್ತಲೇ ಇದ್ದರೂ ಅದು ಶತಮಾನಗಳವರೆಗೆ ವಿದ್ವತ್ಪ್ರಪಂಚಕ್ಕೆ ಕಾಣದೆ ಉಳಿದು, 1970ರ ದಶಕದಲ್ಲಿ ನೌಕಾದಳದವರು ವಿಮಾನದಿಂದ ಆ ಪ್ರದೇಶವನ್ನು ಸಮೀಕ್ಷೆ ಮಾಡಿದಾಗ ಬೆಳಕಿಗೆ ಬಂದಿತು; 1988ರಿಂದ ನಡೆದ ಉತ್ಖನನದಲ್ಲಿ ಸಾತವಾಹನರ ನಾಣ್ಯಗಳೊಡನೆ ರೋಮನರ ಬೆಳ್ಳಿಯ ನಾಣ್ಯಗಳೂ ದೊರೆತುವು. ಇನ್ನೂ ಮುಂದೆ, ಗೋಸ್ತನಿ ನದಿ ಸಮುದ್ರವನ್ನು ಸೇರುವ ಭೀಮುನಿಪಟ್ಟಣದಲ್ಲಿ, ಹದಿನೇಳನೆಯ ಶತಮಾನದಿಂದ ವ್ಯಾಪಾರ ನಡೆಸಿದ ಡಚ್ಚರ ಸಮಾಧಿಸ್ಥಳವಿದೆ. ಶಿಖರದಂತೆ ಮೇಲೆ ಚೂಪಾಗುವ ಗಾರೆಯ ಸ್ಮಾರಕಗಳು, ಉಪ್ಪುಗಾಳಿಗೆ ಕಪ್ಪಿಟ್ಟ ಇಟ್ಟಿಗೆ, ಸವೆದ ಶಿಲಾಫಲಕಗಳ ಮೇಲೆ ಈ ಊರಿನ ಯಾರೂ ಆಡದ ಭಾಷೆಯ ಅಕ್ಷರಗಳು. ಗೋಥಿಕ್ ಆಟಗಳನ್ನು ರಚಿಸುವವರು ಇಂಗ್ಲೆಂಡಿನ ಮಂಜಿನಲ್ಲಿ ಕಲ್ಪಿಸಿಕೊಳ್ಳುವ ಸಮಾಧಿಸ್ಥಳವು ಇಲ್ಲಿ, ತಾಳೆಯ ಮರಗಳ ಸೀಮೆಯಲ್ಲಿ, ಕಣ್ಣು ಕೋರೈಸುವ ಬಿಸಿಲಿನಲ್ಲಿ ನಿಂತಿದೆ. ವಿಷಾದಕ್ಕೆ ಮಂಜೇ ಬೇಕೆಂಬ ನಿಯಮವಿಲ್ಲ ಎಂಬುದು ಅಲ್ಲಿ ನಿಂತವರಿಗೆ ಅರಿವಾಗುತ್ತದೆ.

ಮಧುರವಾಡದಲ್ಲಿ ನನಗೆ ಪರಿಚಿತವಾದ ಮನೆಯೊಂದರಲ್ಲಿ ದಾವಣಗೆರೆಯ ಕಡೆಯ ಅಜ್ಜಿಯೊಬ್ಬರು ಮಗನ ಸಂಸಾರದೊಡನೆ ಇದ್ದಾರೆ. ಮೊಮ್ಮಗನು ಶಾಲೆಯಿಂದ ಬಂದ ಮೇಲೆ ಇಬ್ಬರೂ ಟ್ಯಾಬಿನ ಮುಂದೆ ಕುಳಿತು ಇಂಥದೊಂದು ಆಟವನ್ನು ಆಡುವುದುಂಟು. ಅಜ್ಜಿಗೆ ಇಂಗ್ಲಿಷ್ ಬಾರದು. ಪಟ್ಟಿಯನ್ನು ಓದುವವನು ಹುಡುಗ. ಒಂದು ಸಂಜೆ ಅವನು ‘ಬೆಲ್ಲೋಸ್’ ಎಂದು ಓದಿ, ಅದೇನೆಂದು ತಿಳಿಯದೆ, ಸುಳಿವಿನ ಗುಂಡಿಯನ್ನು ಒತ್ತಿದನು. ಅಗ್ಗಿಷ್ಟಿಕೆಯ ಪಕ್ಕದಲ್ಲಿ ಎರಡು ಹಿಡಿಗಳ, ಚರ್ಮದ ಮಡಿಕೆಗಳ ವಸ್ತುವೊಂದು ಮಿನುಗಿತು. “ಅಜ್ಜಿ, ಇದೇನಜ್ಜಿ?” ಎಂದನು ಹುಡುಗ. ಅಜ್ಜಿ ಕನ್ನಡಕವನ್ನು ಮೇಲೆತ್ತಿ ನೋಡಿ, “ಅಯ್ಯೋ, ತಿದಿ ಕಣಪ್ಪಾ ಇದು! ನಮ್ಮೂರ ಕಮ್ಮಾರ್ರ ಕುಲುಮ್ಯಾಗೆ ಇದ್ನೇ ಒತ್ತಿ ಒತ್ತಿ ಗಾಳಿ ಊದ್ತಿದ್ರು” ಎಂದರು. ಹುಡುಗನಿಗೆ ಕಮ್ಮಾರನನ್ನೂ ಕುಲುಮೆಯನ್ನೂ ವಿವರಿಸುವಷ್ಟರಲ್ಲಿ ಆಟದ ಕಾಲ ಮುಗಿದುಹೋಯಿತು; ಅದರ ಪರಿವೆ ಇಬ್ಬರಿಗೂ ಇರಲಿಲ್ಲ. ಓದಬಲ್ಲವನಿಗೆ ವಸ್ತುವಿನ ಪರಿಚಯವಿಲ್ಲ, ವಸ್ತುವನ್ನು ಬಲ್ಲವರಿಗೆ ಪಟ್ಟಿ ಓದಲು ಬಾರದು. ಇಬ್ಬರೂ ಕೂಡಿದಾಗ ಮಾತ್ರ ಕೋಣೆ ತೆರೆಯುತ್ತದೆ. ಈ ಆಟಗಳ ಸಾರವಾದ ಉಪಯೋಗವನ್ನು ನಾನು ಕಂಡುಕೊಂಡುದು ಅವರಿಬ್ಬರ ಜೊತೆಯಲ್ಲಿ.

ಹುಡುಕಿ ನೋಡುವ ಈ ಸುಖವು ಕನ್ನಡನಾಡಿಗೆ ಪರಕೀಯವೇನೂ ಅಲ್ಲ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇಗುಲಕ್ಕೆ ಹೋದವರನ್ನು ಅಲ್ಲಿಯ ಮಾರ್ಗದರ್ಶಿಗಳು ಒಬ್ಬ ಮದನಿಕೆಯ ಮುಂದೆ ನಿಲ್ಲಿಸಿ, ಆಕೆಯ ತಲೆಯ ಮೇಲಿನ ಎಲೆಬಳ್ಳಿಯ ಚಪ್ಪರವನ್ನು ನೋಡಹೇಳುತ್ತಾರೆ. ಮೊದಲು ಕಲ್ಲಿನ ಕುಸುರಿಯಲ್ಲದೆ ಬೇರೇನೂ ಕಾಣುವುದಿಲ್ಲ. ಅವರು ತೋರಿಸಿದ ಮೇಲೆ ಹಣ್ಣು ಕಾಣುತ್ತದೆ, ಹಣ್ಣಿನ ಮೇಲೆ ಕುಳಿತ ನೊಣ ಕಾಣುತ್ತದೆ, ಆ ನೊಣವನ್ನು ಹಿಡಿಯಲು ಹೊಂಚುಹಾಕಿರುವ ಹಲ್ಲಿ ಕಾಣುತ್ತದೆ. ಕಂಡ ಬಳಿಕ ಕಾಣದಿರುವುದು ಸಾಧ್ಯವೇ ಇಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳನ್ನೂ ಬುದ್ಧಿಗೆ ಸವಾಲಾಗುವ ಬಂಧಗಳನ್ನೂ ರಚಿಸುವುದರಲ್ಲಿ ಅಪಾರ ಆಸಕ್ತಿಯನ್ನು ತಳೆದಿದ್ದರು. ಚದುರಂಗದ ಕುದುರೆಯನ್ನು ಅರುವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದು ಬಾರಿ ಮಾತ್ರ ನಡೆಸುವ ಸಮಸ್ಯೆಯನ್ನು ಪರಿಹರಿಸಿದರು. ‘ಶ್ರೀತತ್ತ್ವನಿಧಿ’ಯ ಒಂದು ಭಾಗವಾದ ಕೌತುಕನಿಧಿಯನ್ನು ಇಂಥ ಕ್ರೀಡೆಗಳಿಗೇ ಮೀಸಲಾಗಿಟ್ಟರು. ಆಟವೆಂಬುದು ಅರಸನೊಬ್ಬನ ವಿದ್ವತ್ತಿಗೆ ತಕ್ಕ ವಿಷಯವೆಂದು ತಿಳಿದ ನಾಡು ನಮ್ಮದು.

ರಹಸ್ಯಕಥೆಯ ಮಾತಿಗೆ ಬಂದರೆ, ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿ ಐನೂರಕ್ಕೂ ಮಿಕ್ಕಿ ಪತ್ತೇದಾರಿ ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರನ್ನು ನೆನೆಯದೆ ಮುಂದೆ ಹೋಗುವುದು ಅನ್ಯಾಯವಾದೀತು. ಅವರ ಪತ್ತೇದಾರ ಪುರುಷೋತ್ತಮನ ಬೆನ್ನು ಹಿಡಿದು ಹೋಗಿ ಓದಿನ ರುಚಿಯನ್ನು ಕಂಡುಕೊಂಡ ಕನ್ನಡಿಗರು ಅಸಂಖ್ಯರು. ವಾಚನಾಲಯಗಳಲ್ಲಿ ಆ ಪುಸ್ತಕಗಳ ಮೂಲೆಗಳು ಮಡಿಸಿ ಮಡಿಸಿ ಸವೆದುಹೋಗುತ್ತಿದ್ದುವು. ಆದರೆ ಅಡಗಿದ ವಸ್ತುಗಳ ಆಟಕ್ಕೆ ಅತ್ಯಂತ ಸಮೀಪವಾದ ಕನ್ನಡದ ಕೃತಿ ಪತ್ತೇದಾರಿಯಲ್ಲ. ಅದು ಶಿವರಾಮ ಕಾರಂತರು 1968ರಲ್ಲಿ ಬರೆದ, ಅವರಿಗೆ ಜ್ಞಾನಪೀಠವನ್ನು ತಂದುಕೊಟ್ಟ ‘ಮೂಕಜ್ಜಿಯ ಕನಸುಗಳು’. ಮೊಮ್ಮಗ ಸುಬ್ಬರಾಯನು ತಂದುಕೊಟ್ಟ ಹಳೆಯ ವಸ್ತುವನ್ನು ಆ ಮುದುಕಿ ಕೈಯಲ್ಲಿ ಹಿಡಿದುಕೊಂಡರೆ ಸಾಕು, ಅದನ್ನು ಬಳಸಿದವರ ಕಾಲ, ಅವರ ಬದುಕು, ಅವರ ನಂಬಿಕೆಗಳು ಅವಳ ಕಣ್ಣಮುಂದೆ ಸುಳಿಯುತ್ತವೆ. ರೇವನ್‌ಹರ್ಸ್ಟಿನ ಆಟಗಾರನು ವಸ್ತುವನ್ನು ಮುಟ್ಟಿದಾಗ ಆಗಬೇಕೆಂದು ರಚನಕಾರರು ಬಯಸುವುದೂ ಇದನ್ನೇ. ಆದರೆ ಕಾರಂತರ ಅಜ್ಜಿಯು ಮುಟ್ಟಿದ ವಸ್ತುವಿನಿಂದ ಒಂದು ಕೊಲೆಯ ರಹಸ್ಯವಲ್ಲ, ಮನುಷ್ಯಕುಲದ ಚರಿತ್ರೆಯೇ ಹೊರಬರುತ್ತದೆ.

ಇಂದು ಮೊಬೈಲಿನಲ್ಲಿ ದೊರೆಯುವ ಎಲ್ಲ ಆಟಗಳನ್ನೂ ಹೊಗಳಲು ಮನಸ್ಸು ಒಪ್ಪುವುದಿಲ್ಲ. ಉಚಿತವೆಂದು ಕರೆದು, ಎರಡು ಮೂರು ಕೋಣೆಗಳ ಅನಂತರ ‘ಶಕ್ತಿ’ ಮುಗಿಯಿತೆಂದು ಬಾಗಿಲು ಹಾಕಿ, ಗಂಟೆಗಟ್ಟಲೆ ಕಾಯಿರಿ ಇಲ್ಲವೆ ಹಣ ಕೊಡಿ ಎನ್ನುವ ವ್ಯವಸ್ಥೆ ಈಗ ಬಹಳ ಕಡೆ ರೂಢಿಗೆ ಬಂದಿದೆ. ಹಿಂದೆ ಒಮ್ಮೆ ಬೆಲೆ ತೆತ್ತು ಕೊಂಡ ಆಟ ಕೊಂಡವರದಾಗಿರುತ್ತಿತ್ತು. ಈಗ ಸಣ್ಣ ಸಣ್ಣ ಮೊತ್ತಗಳು ಸದ್ದಿಲ್ಲದೆ ಸೇರಿ ದೊಡ್ಡ ಲೆಕ್ಕವಾಗುತ್ತವೆ. ತಾಳ್ಮೆಯನ್ನು ಕಲಿಸಬಲ್ಲ ಆಟವು ಅಸಹನೆಯನ್ನೇ ಮಾರಾಟಕ್ಕಿಡುವುದು ದುಃಖದ ವಿಷಯ. ಮನೆಯ ಹಿರಿಯರು ಮಕ್ಕಳ ಕೈಗೆ ಕೊಡುವ ಮುನ್ನ, ಹಣ ಪಾವತಿಯ ದಾರಿಯನ್ನು ಮುಚ್ಚುವುದು ಒಳ್ಳೆಯದು; ಗೋಥಿಕ್ ಕಥೆಗಳಲ್ಲಿ ರಕ್ತವೂ ಭೀತಿಯೂ ಇರುವುದರಿಂದ, ವಯಸ್ಸಿನ ಸೂಚನೆಯನ್ನು ಓದಿಕೊಳ್ಳುವುದೂ ಆವಶ್ಯಕ.

ಇಂಥ ಆಟವನ್ನು ಕನ್ನಡದಲ್ಲಿ ರಚಿಸಲು ನಮ್ಮಲ್ಲಿ ಶಕ್ತಿಯಿದೆಯೆ ಎಂದು ಯಾರಾದರೂ ಕೇಳಿದರೆ, ಅವರನ್ನು ಮೊದಲು ಬೆಂಗಳೂರಿಗೂ ಆಮೇಲೆ ಉಡುಪಿಗೂ ಕರೆದುಕೊಂಡು ಹೋಗಬೇಕು. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ‍್ಯಾಕ್ಟಿವ್ ಭಾರತದ ಮೊದಮೊದಲ ಗೇಮ್ ಸಂಸ್ಥೆಗಳಲ್ಲೊಂದು; ಅಲ್ಲಿಯ ಕಲಾವಿದರು ವಿದೇಶದ ದೊಡ್ಡ ಆಟಗಳಿಗಾಗಿ ದೃಶ್ಯಗಳನ್ನೂ ವಸ್ತುಗಳನ್ನೂ ರೂಪಿಸಿಕೊಟ್ಟರು; 2019ರಲ್ಲಿ ಜಗತ್ಪ್ರಸಿದ್ಧವಾದ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ಉಡುಪಿಯ ಸಂಗತಿ ಇನ್ನೂ ಹೃದ್ಯವಾದದ್ದು. ರೋಹಿತ್ ಭಟ್ಟರು 1996ರಲ್ಲಿ ಆ ಪುಟ್ಟ ದೇಗುಲದೂರಿನಲ್ಲಿ ರೋಬೋಸಾಫ್ಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಬಳಿಕ ಅವರೇ ಆರಂಭಿಸಿದ 99ಗೇಮ್ಸ್ ಉಡುಪಿಯಲ್ಲಿಯೇ ಕುಳಿತು, 2013ರಲ್ಲಿ ‘ಧೂಮ್ 3’ ಚಲನಚಿತ್ರದ ಆಟವನ್ನೂ, ಮರುವರ್ಷ ಅಡುಗೆಮನೆಯ ಆಟವಾದ ‘ಸ್ಟಾರ್ ಶೆಫ್’ ಅನ್ನೂ ಜಗತ್ತಿನ ಮಾರುಕಟ್ಟೆಗೆ ಕಳುಹಿಸಿತು. ಆಟ ರಚಿಸುವುದಕ್ಕೆ ಮಹಾನಗರವೇ ಬೇಕಿಲ್ಲವೆಂಬುದು ಅಲ್ಲಿ ಸಿದ್ಧವಾಗಿದೆ.

ಆ ಉಡುಪಿಯಿಂದ ನಾಲ್ಕೈದು ಕಿಲೋಮೀಟರು ಮೇಲೇರಿದರೆ ಮಣಿಪಾಲ. ಬ್ಯಾಂಕಿನ ನೌಕರರಾಗಿದ್ದ ವಿಜಯನಾಥ ಶೆಣೈಯವರು ಅಲ್ಲಿ ಹಸ್ತಶಿಲ್ಪ ಪರಂಪರಾ ಗ್ರಾಮವನ್ನು ನಿರ್ಮಿಸಿದರು. ಹಳೆಯ ಮನೆಗಳನ್ನು ಒಡೆದು ಮರದ ಬೆಲೆಗೆ ಮಾರುತ್ತಿದ್ದ ಕಾಲದಲ್ಲಿ ಅವರು ಅಂಥ ಮನೆಗಳನ್ನು ಜೋಡಣೆ ಕೆಡದಂತೆ ಬಿಚ್ಚಿಸಿ ತಂದು, ಮಣಿಪಾಲದಲ್ಲಿ ಮತ್ತೆ ಎತ್ತಿ ನಿಲ್ಲಿಸಿದರು: ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ, ಮುಧೋಳದ ಅರಮನೆಯ ದರ್ಬಾರು, ಕುಕನೂರಿನ ಕಮಲಮಹಲು. ಒಂದೊಂದು ಮನೆಗೂ ತನ್ನ ಕಾಲದ ಪಾತ್ರೆಪದಾರ್ಥ, ದೀಪ, ಪೆಟ್ಟಿಗೆ, ದೇವರ ಪಟಗಳನ್ನು ಒದಗಿಸಿದರು. 2017ರಲ್ಲಿ ಅವರು ತೀರಿಕೊಂಡರು; ಮನೆಗಳು ಉಳಿದಿವೆ. ಗೇಮ್ ಸಂಸ್ಥೆಯೊಂದು, ಹಳೆಯ ಮನೆಗಳ ಊರೊಂದು, ಇವೆರಡೂ ಒಂದು ಬಸ್ಸಿನ ದಾರಿಯಷ್ಟು ದೂರದಲ್ಲಿರುವುದನ್ನು ನೆನೆದಾಗಲೆಲ್ಲ, ಇವುಗಳ ನಡುವೆ ಒಂದು ಆಟ ಹುಟ್ಟಬೇಕೆಂಬ ಆಸೆ ನನ್ನನ್ನು ಬಿಡುವುದಿಲ್ಲ.

ಆ ಆಟದ ಮೊದಲ ಕೋಣೆಗೆ ಚೌಕಿಮನೆಯ ಉಗ್ರಾಣವನ್ನೇ ಆರಿಸಬೇಕೆಂಬುದು ನನ್ನ ಸಲಹೆ. ಮೇಲಣ ಗವಾಕ್ಷಿಯೊಂದರಿಂದ ಮಾತ್ರ ಬೆಳಕು ಬೀಳುವ ಆ ಕೋಣೆಯಲ್ಲಿ ನೆರಳು ತಾನಾಗಿಯೇ ಇದೆ. ಕಂದು ಬಣ್ಣದ ಮೇಲೆ ಕಂದು ಬಣ್ಣ ತಾನಾಗಿಯೇ ಕೂತಿದೆ. ಪಟ್ಟಿಯಲ್ಲಿ ಕಡಗೋಲು, ಸೇರು, ಪಾವು, ಅಡಕತ್ತರಿ, ಅಳಗುಳಿಮಣೆ, ಕವಡೆ, ತಾಳೆಗರಿಯ ಕಟ್ಟು, ಕಂಟ, ಮರಿಗೆ, ಶ್ಯಾವಿಗೆ ಒರಳು ಇರಲಿ. ಮುಟ್ಟಿದೊಡನೆ ವಸ್ತುವು ಮಾಯವಾಗುವ ಬದಲು ಸ್ವಲ್ಪ ಹೊತ್ತು ನಿಂತು, ಅದನ್ನು ಬಳಸಿ ಬಲ್ಲ ಹಿರಿಯರೊಬ್ಬರ ಧ್ವನಿಯಲ್ಲಿ ತನ್ನ ಹೆಸರನ್ನೂ ಕೆಲಸವನ್ನೂ ಹೇಳಲಿ. ಅದೇ ವಸ್ತುವಿಗೆ ಮೈಸೂರಿನ ಸೀಮೆಯಲ್ಲಿ ಒಂದು ಹೆಸರು, ಕರಾವಳಿಯಲ್ಲಿ ಒಂದು, ಧಾರವಾಡದ ಕಡೆ ಒಂದು ಇರುವುದರಿಂದ, ತಮ್ಮ ಸೀಮೆಯ ಪಟ್ಟಿಯನ್ನು ಆಡುವವರೇ ಆರಿಸಿಕೊಳ್ಳುವಂತಿರಲಿ. ಅಕ್ಷರ ಓದಲಾರದವರಿಗೆ ಪಟ್ಟಿಯನ್ನು ಓದಿ ಹೇಳುವ ಗುಂಡಿಯೂ ಇರಲಿ. ರಹಸ್ಯಕ್ಕೆ ಕೊಲೆಯೇ ಆಗಬೇಕೆಂದಿಲ್ಲ. ಮನೆ ಬಿಟ್ಟು ಹೋದ ಮಗಳೊಬ್ಬಳು ಏಕೆ ಹೋದಳು, ಪಾಲಿನ ಪತ್ರಕ್ಕೆ ರುಜು ಹಾಕಿದವರು ಯಾರು, ದೇವರಕೋಣೆಯ ಎರಡನೆಯ ಪೆಟ್ಟಿಗೆಯ ಕೀಲಿ ಯಾರ ಸೊಂಟದಲ್ಲಿತ್ತು ಎಂಬ ಪ್ರಶ್ನೆಗಳು ನಮ್ಮ ಹಳೆಯ ಮನೆಗಳಲ್ಲಿ ಎಷ್ಟೋ ಉಳಿದುಕೊಂಡಿವೆ. ಚಿತ್ರ ಬರೆಯುವವರು ಮೊದಲು ಮಣಿಪಾಲಕ್ಕೆ ಹೋಗಿ, ಆ ಉಗ್ರಾಣಗಳಲ್ಲಿ ಬೆಳಗಿನ ಬೆಳಕು ಯಾವ ಹೊತ್ತಿಗೆ ಯಾವ ಗೋಡೆಯ ಮೇಲೆ ಬೀಳುತ್ತದೆಂಬುದನ್ನು ಕುಳಿತು ನೋಡಿ, ಆಮೇಲೆ ಕುಂಚವನ್ನು ಹಿಡಿಯಬೇಕು.